ಪಕ್ಕ ಬಿಡಿ

"ತಗೊಳ್ಳಿ. ನೀವು ಹೇಳಿದ ಹಾಗೇ ಮಾಡಿದ್ದೀನಿ."

ಚಿತ್ರವನ್ನು ಅವನ ಮೇಜಿನ ಮೇಲೆ ಎಸೆದಂತೆ ಇಟ್ಟು, ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕುಳಿತಳು. ಪ್ರಕಾಶನದಲ್ಲಿ ಪುಟವಿನ್ಯಾಸ ಮಾಡುವವನು ಅವನೊಬ್ಬನೇ. ಅವನ ಮುಖ ನೋಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ವರ್ಷಗಟ್ಟಲೆ ಚಿತ್ರ ಬರೆದು ಸೋತ ಕೈ ಅವಳದು. ಬೆಳಿಗ್ಗೆ ವೈಜ್ಞಾನಿಕ ಕಾದಂಬರಿಗೆ ರಾಕೆಟ್, ಮಧ್ಯಾಹ್ನ ಮಕ್ಕಳ ಪುಸ್ತಕಕ್ಕೆ ಮೊಲ. ದಣಿವಿನಲ್ಲಿ ಒಮ್ಮೆ ಮೊಲದ ಬಾಲಕ್ಕೇ ರಾಕೆಟ್ಟಿನ ಬೆಂಕಿ ಹಚ್ಚಿದ್ದಳು! ಪುಣ್ಯಕ್ಕೆ ಅವನು ನೋಡಿ, ನಕ್ಕು, ಯಾರಿಗೂ ಹೇಳದೆ ವಾಪಸ್ಸು ಕಳಿಸಿದ್ದ. ಮನಸ್ಸು ಅವನತ್ತ ವಾಲಿದ್ದು ಆವತ್ತೇ ಇರಬೇಕು.

ಈ ಪುಸ್ತಕದಲ್ಲಿ, ಚಂದ್ರನ ಮೇಲಿಳಿಯುವ ಹುಡುಗಿಗೆ ಅವಳು ಒಬ್ಬ ಜೊತೆಗಾರನನ್ನು ಬರೆದಳು. ಅವನದೇ ದಪ್ಪ ಕನ್ನಡಕ, ಅವನದೇ ಬಾಗಿದ ಭುಜ. ಬಾಯಲ್ಲಿ ಹೇಳಲಾಗದ್ದನ್ನು ಕೈ ಹೇಳಿತ್ತು.

ಚಿತ್ರ ಮರಳಿ ಬಂದಾಗ ಆ ಜೊತೆಗಾರನ ಮಗ್ಗುಲಲ್ಲೇ ಪೆನ್ಸಿಲ್ಲಿನ ಎರಡು ಪದ: 'ಪಕ್ಕ ಬಿಡಿ.'

ನನ್ನ ಪಕ್ಕ ಬಿಡಿ ಅಂತ ತಾನೇ... ಬೇಡ ಅನ್ನುವುದನ್ನೂ ಎಷ್ಟು ಮರ್ಯಾದೆಯಿಂದ ಹೇಳಿದ್ದಾನೆ!

ಜೊತೆಗಾರನನ್ನು ಅವಳು ಕಪ್ಪು ಆಕಾಶದಲ್ಲಿ ಮುಚ್ಚಿ ತಂದಿದ್ದಳು.

"ಇದೇ ಕೊನೇ ಚಿತ್ರ," ಎಂದಳು ಈಗ. "ಅಕ್ಕನ ಬಟ್ಟೆ ಅಂಗಡಿಗೆ ಹೋಗ್ತೀನಿ. ಸಾಕಾಗಿದೆ ನಂಗೆ."

ಅವನು ಚಿತ್ರವನ್ನೇ ನೋಡುತ್ತಿದ್ದ. "ಅವನೆಲ್ಲಿ?"

"ನೀವೇ ಬರೆದ್ರಲ್ಲ, ಪಕ್ಕ ಬಿಡಿ ಅಂತ."

"ಅಯ್ಯೋ... ಅಕ್ಷರ ಕೂರಿಸೋಕೆ ಪಕ್ಕದಲ್ಲಿ ಜಾಗ ಬಿಡಿ ಅಂದೆ ಕಣ್ರೀ. ಎಲ್ಲಾ ಪುಸ್ತಕಕ್ಕೂ ಬರೀತೀನಲ್ಲ."

ಹೌದು, ಬರೆಯುತ್ತಿದ್ದ. ಪ್ರತಿ ಸಲವೂ ಸರಿಯಾಗಿಯೇ ಓದಿದವಳು, ತನ್ನ ಮನಸ್ಸೇ ಹಾಳೆಗಿಳಿದ ಕಡೆ ಎಡವಿದ್ದಳು. ನಾಚಿಕೆಗಿಂತ ಮೊದಲು ಅಳು ಬಂತು.

"ಅವನು ನಾನೇ ಅಂತ ಗೊತ್ತಾಯ್ತು," ಎಂದ ಅವನು, ತಗ್ಗಿದ ದನಿಯಲ್ಲಿ. "ವಾರವೆಲ್ಲ ಆ ಹಾಳೆ ಇಟ್ಕೊಂಡು ಕೂತಿದ್ದೆ. ಏನು ಹೇಳೋದು ತಿಳೀದೆ, ದಿನಾ ಬರೆಯೋದನ್ನೇ ಬರೆದು ಕಳಿಸಿದೆ."

"ಇಷ್ಟ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ."

"ನಿಮ್ಮ ಹತ್ರ ಕುಂಚ ಇದೆ. ನನ್ನ ಹತ್ರ ಇರೋದು ಬರೀ ಅಳತೆಪಟ್ಟಿ."

ಅಳುತ್ತಲೇ ಅವಳಿಗೆ ನಗು ಬಂತು. "ಅವನನ್ನ ಮತ್ತೆ ಬರೆಯೋ ಶಕ್ತಿ ಇಲ್ಲ ನಂಗೆ."

"ಬರೀಬೇಡಿ." ಬಣ್ಣ ಮೆತ್ತಿದ ಅವಳ ಬೆರಳುಗಳನ್ನು ಅವನು ಮೆಲ್ಲಗೆ ಹಿಡಿದುಕೊಂಡ. "ಬೇಕಾದ್ರೆ ಅಕ್ಕನ ಅಂಗಡಿಗೇ ಹೋಗಿ. ಸಂಜೆ ನಾನು ಅಲ್ಲಿಗೇ ಬರ್ತೀನಿ."

"ಬಟ್ಟೆ ತಗೊಳ್ಳೋಕಾ?"

"ಮನೆಗೆ ಕರ್ಕೊಂಡು ಹೋಗೋಕೆ."

"ಯಾರ ಮನೆಗೆ?"

"ನಮ್ಮನೆಗೆ... ನೀವು ಒಪ್ಪಿದ್ರೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಬೇಗ ಬನ್ನಿ," ಎಂದಳು. "ಕಾಯೋಕೂ ತ್ರಾಣ ಇಲ್ಲ ನಂಗೆ."