ಎಡಗಡೆಯ ಗೇಟು

ಇನ್‌ಸ್ಪೆಕ್ಟರ್ ಮೊಣಕಾಲೂರಿ ಕಪ್ಪು ನೀರಿನಲ್ಲಿ ಕೈಯಾಡಿಸಿದಳು. ಬೆರಳಿಗೆ ಏನೋ ತಾಗಿತು. ಎತ್ತಿದಳು. ಸೊಟ್ಟಗಾದ ಸ್ಟೀಲಿನ ತುಂಡು, ಅಂಚಿನಲ್ಲೊಂದು ಕೊಂಡಿ. ಊಟದ ಡಬ್ಬಿಯ ಮುಚ್ಚಳ. ಒಳಮೈಯೆಲ್ಲ ಸಿಡಿಮದ್ದಿನ ಕರಿ.

ವಿಮಾನ ನಿಲ್ದಾಣದ ಕೇಬಲ್ ಕೋಣೆ ಇನ್ನೂ ಹೊಗೆಯಾಡುತ್ತಿತ್ತು. ಬೆಳಿಗ್ಗೆ ಇಲ್ಲಿ ಬಾಂಬು ಸಿಡಿದು, ಬೆಂಕಿ ಹತ್ತಿ, ಟೆಲಿಫೋನ್ ಆಪರೇಟರ್ ಹೆಂಗಸೊಬ್ಬಳು ಸತ್ತಿದ್ದಳು.

"ತಲೆ ಕೆಡಿಸ್ಕೋಬೇಡಿ," ಮೆಟ್ಟಿಲ ಮೇಲಿಂದ ಸಾಹೇಬರು ಕೂಗಿದರು. "ಆಸಾಮಿ ಸಿಕ್ಕಿದಾನೆ. ಇಲ್ಲಿನ ಎಲೆಕ್ಟ್ರಿಷಿಯನ್. ಹೊಗೆಯಿಂದ ಓಡಿ ಬರ್ತಿದ್ದ."

"ಒಬ್ಬನೇನಾ ಸರ್?"

"ಇಬ್ಬರನ್ನ ಹೊತ್ಕೊಂಡು. ನಾಟಕ."

"ಪುರಾವೆ?"

ಸಾಹೇಬರು ಅವನ ಹೆಸರು ಹೇಳಿದರು. ಮುಸ್ಲಿಂ ಹೆಸರು. ಅಷ್ಟೇ ಸಾಕು ಎಂಬಂತೆ ಹೊರಟುಹೋದರು.

\*

ಎಲೆಕ್ಟ್ರಿಷಿಯನ್ನನ ಹೆಂಡತಿ ನೆಲದ ಮೇಲೆ ಕೂತು, ಪೊಲೀಸರು ಸೀಳಿ ಹಾಕಿದ ಹಾಸಿಗೆ ಹೊಲಿಯುತ್ತಿದ್ದಳು.

"ಇನ್ನೊಂದು ಸಲ ಹುಡುಕ್ತೀರಾ? ಹೇಳ್ಬಿಡಿ, ಹೊಲಿಯೋದು ನಿಲ್ಲಿಸ್ತೀನಿ. ಎರಡೆರಡು ಕೆಲಸ ಯಾಕೆ."

"ಇಲ್ಲಮ್ಮ. ಒಂದೇ ಮಾತು. ನಿಮ್ಮ ಯಜಮಾನರು ಊಟ ಯಾವುದರಲ್ಲಿ ಒಯ್ತಿದ್ರು?"

"ಪ್ಲಾಸ್ಟಿಕ್ ಚೀಲದಲ್ಲಿ. ಒಳಗಿಂದು ಕಾಣಬೇಕಲ್ಲ. ದೇಶದ ಭದ್ರತೆ ಅಂತ ಆದೇಶ ಬಂದಾಗಿಂದ ನಮ್ಮವರಿಗೆ ಎಡಗಡೆ ಗೇಟು. ಚಪ್ಪಲಿ ಬಿಚ್ಚು, ಬೆಲ್ಟು ಬಿಚ್ಚು. ಡಬ್ಬಿ ತರಂಗಿಲ್ಲ." ಸೂಜಿ ನಿಂತಿತು. "ಅಂಗಿ ಮೇಲೆಲ್ಲ ಸೋರಿಸ್ಕೊಂಡು ಬರೋರು. 'ನೋಡೇ, ನನ್ನ ಅನ್ನಾನೂ ದಿನಾ ಪೆರೇಡು ಮಾಡುತ್ತೆ' ಅಂತ ನಗೋರು."

"ಉಳಿದವರು?"

"ಬಲಗಡೆ. ಕಾವಲಿನವನಿಗೆ ನಮಸ್ಕಾರ ಹೊಡೆದ್ರೆ ಮುಗೀತು."

ಇನ್‌ಸ್ಪೆಕ್ಟರ್ ಜೇಬಿನಲ್ಲಿದ್ದ ಸುಟ್ಟ ಮುಚ್ಚಳವನ್ನು ಮುಟ್ಟಿ ನೋಡಿದಳು. ಆ ಡಬ್ಬಿಯನ್ನು ಅವನು ಒಳಗೆ ತಂದಿರಲು ಸಾಧ್ಯವೇ ಇರಲಿಲ್ಲ.

ಹೊರಡುವಾಗ ಹೆಂಡತಿ ಅವಳ ಕೈಗೆ ಉಬ್ಬಸದ ಪಂಪು ತುರುಕಿದಳು. "ಠಾಣೇಲಿ ತಗೊಳ್ಳಲಿಲ್ಲ ಮೇಡಂ. ಅವರು ಹೊಗೆ ಕುಡಿದಿದಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

ಇನ್‌ಸ್ಪೆಕ್ಟರ್ ಪಂಪು ಹಿಡಿದು ಠಾಣೆಗೆ ಹೋದಳು. ಸಾಹೇಬರು ಅದನ್ನು ಮುಟ್ಟಲಿಲ್ಲ.

"ಭದ್ರತಾ ಕಾಯ್ದೆಯ ಕೈದಿಗೆ ಹೊರಗಿನ ಔಷಧಿ ಇಲ್ಲ."

"ಅವನಲ್ಲ ಸರ್."

"ಮತ್ತೆ ಯಾರು? ಹೇಳಿ, ಈಗಲೇ ಬಿಡ್ತೀನಿ."

ಲಾಕಪ್ಪಿನ ಕಡೆಯಿಂದ ಸೀಟಿಯಂಥ ಉಸಿರು ಕೇಳಿಸುತ್ತಿತ್ತು. ಅವಳು ಪಂಪನ್ನು ಮೇಜಿನ ಮೇಲಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದಳು.

\*

ನಿಲ್ದಾಣದ ನೌಕರರನ್ನೆಲ್ಲ ಕ್ಯಾಂಟೀನಿನಲ್ಲಿ ಕೂಡಿಹಾಕಿದ್ದರು. ಮಧ್ಯಾಹ್ನ ದಾಟಿತ್ತು. ಜನ ಡಬ್ಬಿ ಬಿಚ್ಚುತ್ತಿದ್ದರು. ಇನ್‌ಸ್ಪೆಕ್ಟರ್ ಮೇಜಿನಿಂದ ಮೇಜಿಗೆ ನಡೆದಳು. ಡಬ್ಬಿಯೊಂದು ಸಿಡಿದಿದೆ ಎಂದಮೇಲೆ, ಇಲ್ಲಿ ಯಾರದೋ ಕೈ ಖಾಲಿ ಇರಲೇಬೇಕು.

"ಇದೇನು ಮೇಸ್ತ್ರಿಗಳೇ!" ಕ್ಯಾಂಟೀನಿನ ಹೆಂಗಸಿನ ದನಿ. "ನನ್ನ ಬ್ರೆಡ್ಡು ನಾಯಿಗೂ ಬೇಡ ಅಂತಿದ್ರಿ. ಇವತ್ತು ಹೆಂಡತಿ ಮುನಿಸ್ಕೊಂಡ್ರಾ?"

"ತವರಿಗೆ ಹೋಗಿದಾಳೆ," ಕೇಬಲ್ ಮೇಸ್ತ್ರಿ ತಲೆ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ಅವನ ಮನೆಗೆ ಫೋನು ಮಾಡಿದಳು. ಹೆಂಡತಿಯೇ ಎತ್ತಿದಳು. "ಬೆಳಿಗ್ಗೆ ಖಾಲಿ ಡಬ್ಬಿ ಇಸ್ಕೊಂಡು ಹೋದ್ರಲ್ಲ. ಯಾಕೆ, ಕಳೆದುಬಿಟ್ರಾ? ಆ ಮನುಷ್ಯನಿಗೆ ಒಂದು ಸಾಮಾನು ಉಳಿಯಲ್ಲ!"

ಇನ್‌ಸ್ಪೆಕ್ಟರ್ ಸುಟ್ಟ ಮುಚ್ಚಳವನ್ನು ಬ್ರೆಡ್ಡಿನ ಪಕ್ಕ ಇಟ್ಟಳು. ಮೇಸ್ತ್ರಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಕೇಬಲ್ಲಿನ ತಾಮ್ರ ಕದ್ದು ಮಾರ್ತಿದ್ದೆ," ಕೊನೆಗೆ ಅಂದ. "ನಾಳೆ ತಪಾಸಣೆ ಇತ್ತು. ಕೋಣೆ ಸುಟ್ಟರೆ ಸಾಕು ಅಂದ್ಕೊಂಡೆ. ಆ ಯಮ್ಮ ಒಳಗಿದ್ದದ್ದು ದೇವರಾಣೆ ಗೊತ್ತಿರಲಿಲ್ಲ."

"ಎಲೆಕ್ಟ್ರಿಷಿಯನ್ ಮೇಲೆ ಬರೋ ಹಾಗೆ ಏನು ಮಾಡಿದೆ?"

"ಏನೂ ಮಾಡ್ಲಿಲ್ಲ ಮೇಡಂ." ಅವನು ನಿಜವಾಗಿ ಆಶ್ಚರ್ಯಪಟ್ಟ. "ಮಾಡೋ ಅಗತ್ಯ ಏನಿತ್ತು? ನೀವೇ ಹಿಡ್ಕೊಂಡು ಹೋಗ್ತೀರಿ ಅಂತ ಗೊತ್ತಿತ್ತಲ್ಲ."

ಅವಳು ಠಾಣೆಗೆ ಫೋನು ಹಚ್ಚಿದಳು. ಮಾತು ಒಂದರ ಮೇಲೊಂದು ಬಿತ್ತು. "ಮೇಸ್ತ್ರಿ, ಸರ್. ಒಪ್ಕೊಂಡಿದಾನೆ. ಸ್ಟೀಲ್ ಡಬ್ಬಿ ಎಡಗಡೆ ಗೇಟು ದಾಟೋಕೆ ಆಗಲ್ಲ. ನಾವು ದಿನಾ ಯಾರ ಮೈ ತಡವಿ ನೋಡ್ತಿದ್ವೋ, ಅವರ್ಯಾರೂ ತಂದಿರೋಕೆ ಸಾಧ್ಯವಿಲ್ಲ. ಇದ್ದ ಕಾವಲನ್ನೆಲ್ಲ ಅಲ್ಲಿ ನಿಲ್ಲಿಸಿ, ಬಲಗಡೆ ಗೇಟು ಹಾರುಹೊಡೆದಿಟ್ವಿ. ಇವನು ನಮಸ್ಕಾರ ಹೊಡೆದು ಬಾಂಬು ತಂದ. ಅವನನ್ನ ಬಿಡಿ ಸರ್, ಮೊದಲು ಆ ಪಂಪು ಕೊಡಿ."

ಆ ಕಡೆ ಯಾರೋ ಓಡಾಡುವ ಬೂಟಿನ ಸದ್ದು.

"ಸರ್?"

"ಈಗ ತಾನೇ," ಸಾಹೇಬರ ದನಿ ಇಳಿದಿತ್ತು, "ಉಸಿರು ನಿಂತಿತು."

\*

ಮರುದಿನ ಎಲೆಕ್ಟ್ರಿಷಿಯನ್ನನ ಮನೆಯ ಮುಂದೆ ಜನ ಸೇರಿದ್ದರು. ಯಾರೂ ಅಳುತ್ತಿರಲಿಲ್ಲ. ಇನ್‌ಸ್ಪೆಕ್ಟರನ್ನು ಕಂಡು ದಾರಿ ಬಿಟ್ಟರು. ಅದು ಗೌರವಕ್ಕಲ್ಲ, ಖಾಕಿಗೆ ಮೈ ತಾಗದಿರಲೆಂದು.

ಹೆಂಡತಿ ಬಾಗಿಲಿಗೆ ಬಂದಳು.

"ಸರ್ಕಾರಿ ಗೌರವ ಕೊಡ್ತಾರಂತೆ ಅಮ್ಮ," ಇನ್‌ಸ್ಪೆಕ್ಟರ್ ತೊದಲಿದಳು. "ಇಬ್ಬರ ಜೀವ ಉಳಿಸಿದ್ದಕ್ಕೆ. ಪೊಲೀಸ್ ತುಕಡಿ ಬರುತ್ತೆ. ಅವರೇ ಹೆಗಲು ಕೊಡ್ತಾರೆ."

"ಬೇಡ. ನಮ್ಮವರಿದಾರೆ. ಮಣ್ಣು ಮಾಡ್ತೀವಿ."

"ಸಾಹೇಬರು ಖುದ್ದಾಗಿ ಬಂದು ಕ್ಷಮೆ..."

"ಬೇಡ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಳು.

"ನಾನು ಬರಲಾ? ಪೊಲೀಸಾಗಿ ಅಲ್ಲ. ಹಿಂದೆ, ದೂರದಲ್ಲಿ ನಿಂತಿರ್ತೀನಿ."

ಹೆಂಡತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

"ಬೇಡ," ಅಂದಳು.