ಒಂದು ಸುತ್ತು ಎಡಕ್ಕೆ

ಬೈಕಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದವಳಿಗೆ ಮೊದಲು ಕಂಡದ್ದು ಎರಡು ಕಪ್ಪು ಬೂಟುಗಳು. ಒಂದರ ಲೇಸು ಬಿಚ್ಚಿಹೋಗಿತ್ತು. ಬೂಟುಗಳು ಶಟರಿನ ಬಳಿ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸಿ, ಒಂದೇ ಒಂದು ಹೆಜ್ಜೆ ಮುಂದಿಟ್ಟವು.

"ಯಜಮಾನ್ರು ಇಲ್ವಾ?"

"ಯಾವ ಯಜಮಾನ್ರು?"

"ಈ ಗಾಡಿ ಯಜಮಾನ್ರು."

"ಗಾಡಿ ಕೆಳಗೇ ಇದ್ದಾರೆ, ಬಗ್ಗಿ ನೋಡಿ."

ಬೂಟುಗಳು ಇನ್ನೊಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ ಎರಡು ಮಂಡಿಗಳು ನೆಲಕ್ಕೆ ಬಂದವು, ಅವುಗಳ ಹಿಂದೆಯೇ ಒಂದು ಮುಖ. ಐವತ್ತರ ಆಸುಪಾಸು, ಅರೆಬಿಳಿ ಕೂದಲು, ಕಿವಿಯ ಮೇಲೊಂದು ಪೆನ್ಸಿಲು. ತಲೆಕೆಳಗಾಗಿ ಕಂಡ ಆ ಮುಖ ನಾಚಿಕೊಂಡಿತ್ತು.

"ತಪ್ಪಾಯ್ತು ಮೇಡಂ. ನಾನು ಲಿಫ್ಟ್ ರಿಪೇರಿಯವನು. ನಿಮ್ಮ ಬಿಲ್ಡಿಂಗಿನ ಲಿಫ್ಟು ನಾಲ್ಕನೇ ಮಹಡೀಲಿ ನಿಂತುಬಿಟ್ಟಿತ್ತು. ಹೊರಟಿದ್ದೆ, ಸದ್ದು ಕೇಳಿಸ್ತು."

"ನಾಲ್ಕನೇ ಮಹಡಿ ಸದ್ದು ಇಲ್ಲಿ ಕೇಳಿಸ್ತಾ?"

"ಅದಲ್ಲ. ಇದು ಬೋಲ್ಟಿನ ಸದ್ದು. ಇನ್ನೊಂದು ಸಲ ತಿರುಗಿಸಿದ್ರೆ ಮುರಿಯುತ್ತೆ ಅನ್ನೋ ಸದ್ದು."

ಅವಳ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು. ಬೆಳಗಿನಿಂದ ಅವಳು ಗುದ್ದಾಡುತ್ತಿದ್ದುದು ಆ ಬೋಲ್ಟಿನ ಜೊತೆಗೇ. ಸೈಲೆನ್ಸರ್ ಪೈಪನ್ನು ಇಂಜಿನ್ನಿಗೆ ಹಿಡಿದಿಟ್ಟ, ತುಕ್ಕು ಹಿಡಿದು ಹೆಪ್ಪುಗಟ್ಟಿದ ಬೋಲ್ಟು.

"ಮೊದಲು ಬಿಗಿ ಮಾಡೋ ಕಡೆಗೇ ಒಂಚೂರು ತಿರುಗಿಸಿ," ಎಂದ ಆತ. "ಆಮೇಲೆ ಬಿಚ್ಚಿ. ಹಟ ಹಿಡಿದಿರೋದನ್ನ ಅದರ ದಾರೀಲೇ ಒಂದು ಹೆಜ್ಜೆ ಹೋಗೋಕೆ ಬಿಟ್ಟು ಆಮೇಲೆ ಕರೀಬೇಕು."

ಅವಳು ತಿರುಗಿಸಿದಳು. ಬೋಲ್ಟು ಕಿರ್ ಎಂದು ಗೊಣಗಿ, ಬಿಟ್ಟುಕೊಟ್ಟಿತು.

"ಇದಕ್ಕೆ ಮುಂದೆ ಹೊಸ ಬ್ರೇಕು ಹಾಕ್ತಿದೀರಲ್ಲ," ಎಂದ ಆತ, ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಹೊಸ ಡಿಸ್ಕುಗಳನ್ನು ನೋಡಿ, ಇನ್ನೂ ಮಂಡಿಯೂರಿಯೇ. "ಯಾಕೆ?"

ಆ 'ಯಾಕೆ'ಯಲ್ಲಿ ಕೊಂಕಿರಲಿಲ್ಲ. ಹೆಂಗಸಿಗೇಕೆ ಇದೆಲ್ಲ ಎಂಬ ಧಾಟಿಯೂ ಇರಲಿಲ್ಲ. ಬರೀ ಕುತೂಹಲ. ಅವಳು ಬೈಕಿನ ಕೆಳಗಿನಿಂದ ತೆವಳಿಕೊಂಡು ಈಚೆ ಬಂದಳು. ಉತ್ತರ ಹೇಳಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು.

*

ಅವಳ ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಲ್ಯಾಬಿನಲ್ಲಿ ಕುಳಿತು ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ಅಕ್ರಿಲಿಕ್ಕುಗಳಿಂದ ಯಾರದೋ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಆ ಬಾಯಿ ಅನ್ನ ಅಗಿಯುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವಳ ಕೈಯಿಂದ ಹೋದ ಸೆಟ್ಟು ವಾಪಸು ಬಂದದ್ದು ಬೆರಳೆಣಿಕೆಯಷ್ಟು.

ಬೈಕು ಅವಳದೇ. ಇಪ್ಪತ್ತೇಳರ ವಯಸ್ಸಿನಲ್ಲಿ ಕೊಂಡದ್ದು, ಆಗಲೇ ಅದು ಸೆಕೆಂಡ್ ಹ್ಯಾಂಡು. ನಾಲ್ಕು ಸಿಲಿಂಡರಿನ ಕೆಂಪು ಸ್ಪೋರ್ಟ್ಸ್ ಬೈಕು. ಮೂರು ವರ್ಷ ಅದರ ಮೇಲೆ ಹಕ್ಕಿಯ ಹಾಗೆ ತಿರುಗಿದಳು. ಮದುವೆಯಾಯಿತು, ಬೈಕಿಗೆ ಹೊದಿಕೆ ಬಿತ್ತು. ಗಂಡ ಕೆಟ್ಟವನೇನಲ್ಲ, ಬೇಡ ಎಂದವನೂ ಅಲ್ಲ. ಅದರ ಬಗ್ಗೆ ಕೇಳಲಿಲ್ಲ, ಅಷ್ಟೆ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದು ಆತ ಅವಳನ್ನು ಕೇಳಿದ್ದು ಎರಡೇ ಪ್ರಶ್ನೆ: ಊಟಕ್ಕೇನು, ಕೀ ಎಲ್ಲಿ. ಜಗಳವಿಲ್ಲದೆ ಬೇರೆಯಾದರು. ಯಾಕೆ ಹೋಗುತ್ತೀ ಎಂದೂ ಆತ ಕೇಳಲಿಲ್ಲ.

ಈಗ ಅವಳಿಗೆ ನಲವತ್ತೆಂಟು. ಎರಡನೇ ಮಹಡಿಯ ಮನೆಯಲ್ಲಿ ಜೊತೆಗೆ ಅಕ್ಕ, ನರ್ಸಾಗಿದ್ದು ನಿವೃತ್ತಳಾದವಳು. ಕೆಳಗೆ ಈ ಶಟರ್ ಕೋಣೆ. ಹೊದಿಕೆ ತೆಗೆದ ದಿನ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದಳು: "ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅಂದ ಹಾಗಾಯ್ತು ನಿನ್ನ ಕಥೆ! ಮಂಡಿನೋವಿನ ಕಾಲದಲ್ಲಿ ಬೈಕಂತೆ!"

"ಮಂಡಿನೋವು ನಿನಗೆ ಅಕ್ಕ, ನನಗಲ್ಲ."

"ಬರುತ್ತೆ ಬಿಡು. ಎಲ್ಲಿಗೆ ಹೋಗುತ್ತೆ."

*

ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಅದೇ ಬೂಟುಗಳು ಬಂದವು. ಲಿಫ್ಟು ಸರಿಯಾಗೇ ಇತ್ತು.

"ಹಾಗೇ ನೋಡಿಕೊಂಡು ಹೋಗೋಣ ಅಂತ," ಎಂದ ಆತ.

"ಲಿಫ್ಟನ್ನಾ?"

"ಅದನ್ನೂ."

ಹೀಗೆ ಭಾನುವಾರಗಳು ಶುರುವಾದವು. ಅವಳು ಅವನನ್ನು 'ಲಿಫ್ಟಿನವರೇ' ಎಂದಳು, ಅವನು ಅವಳನ್ನು 'ಮೇಡಂ' ಎಂದ. ಅವನದು ಒಂದು ಪದ್ಧತಿಯಿತ್ತು. ಇಂಜಿನ್ನಿನ ಯಾವ ಮುಚ್ಚಳ ತೆಗೆದರೂ ಅದರ ಆಕಾರವನ್ನು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ರಟ್ಟಿಗೆ ಚುಚ್ಚಿಡುತ್ತಿದ್ದ. "ಇವು ನೋಡೋಕೆ ಒಂದೇ ಥರ ಮೇಡಂ, ಉದ್ದ ಬೇರೆ ಬೇರೆ. ಒಂದರ ಮನೇಲಿ ಇನ್ನೊಂದು ಕೂತ್ರೆ ಸಂಸಾರ ಕೆಡುತ್ತೆ."

ಅವಳಿಗೂ ತನ್ನ ಪದ್ಧತಿಗಳಿದ್ದವು. ಹಲ್ಲಿನ ಸೆಟ್ಟು ತೊಳೆಯುವ ಲ್ಯಾಬಿನ ಪುಟ್ಟ ಯಂತ್ರದಲ್ಲಿ ನಾಲ್ಕು ಕಾರ್ಬ್ಯುರೇಟರುಗಳ ಹಿತ್ತಾಳೆಯ ತುಣುಕುಗಳನ್ನು ಹಾಕಿ ಥಳಥಳ ಎನ್ನಿಸಿದಳು. ಬೈಕಿನ ಮುಂಭಾಗದ ಪ್ಲಾಸ್ಟಿಕ್ ಹೊದಿಕೆ ಮೂರು ಕಡೆ ಬಿರುಕು ಬಿಟ್ಟಿತ್ತು. ಅದಕ್ಕೆ ಒಳಗಿನಿಂದ ತನ್ನ ಅಕ್ರಿಲಿಕ್ಕನ್ನೇ ಮೆತ್ತಿ ಕೂಡಿಸಿದಳು.

ಅವನು ಒಳಭಾಗವನ್ನು ಮುಟ್ಟಿ ನೋಡಿದ. "ಇದೇನು ಗುಲಾಬಿ ಬಣ್ಣ?"

"ವಸಡು."

"ಏನು?"

"ವಸಡಿನ ಬಣ್ಣ. ಅಜ್ಜಂದಿರ ಹಲ್ಲಿನ ಸೆಟ್ಟಿಗೆ ಹಾಕೋದು."

ಅವನು ಎಷ್ಟು ನಕ್ಕನೆಂದರೆ ಕಿವಿಯ ಪೆನ್ಸಿಲು ಕೆಳಗೆ ಬಿತ್ತು. "ಹಾಗಾದ್ರೆ ಈ ಗಾಡಿ ಇನ್ಮೇಲೆ ಕಚ್ಚುತ್ತೆ ಅನ್ನಿ."

ಮುಂದಿನ ಚಕ್ರ ಹಿಡಿದ ಹಳೆಯ ಫೋರ್ಕು ತೆಗೆದು ಹೊಸ ಮಾಡೆಲ್ಲಿನದು ಕೂರಿಸಿದರು. ಎರಡೂ ಕಡೆ ದೊಡ್ಡ ಡಿಸ್ಕ್ ಬ್ರೇಕು ಬಂತು, ಮಂಕು ಹೆಡ್‌ಲೈಟಿನ ಜಾಗದಲ್ಲಿ ಎಲ್‌ಇಡಿ ಬಂತು. ಎಲ್ಲಕ್ಕೂ ಅವನ ಪ್ರಶ್ನೆಗಳಿದ್ದವು. ಇದೇ ಫೋರ್ಕು ಯಾಕೆ? ಕೆಂಪೇ ಯಾಕೆ, ಕಪ್ಪು ಯಾಕೆ ಬೇಡ? ಈ ಗೀರು ಯಾವಾಗಿನದು?

"ಅದು ಉಳೀಲಿ," ಎಂದಿದ್ದಳು ಗೀರಿನ ಬಗ್ಗೆ. "ಮೊದಲನೇ ಸಲ ಬಿದ್ದಾಗಿನದು."

"ಎಲ್ಲಿ ಬಿದ್ರಿ?"

"ಯಾರೂ ನೋಡದ ಕಡೆ. ಅದೊಂದೇ ಪುಣ್ಯ."

ಅವನು ನಗಲಿಲ್ಲ. ಗೀರಿನ ಮೇಲೆ ಹೆಬ್ಬೆರಳು ಆಡಿಸಿದ, ನಿಧಾನವಾಗಿ, ಈ ತುದಿಯಿಂದ ಆ ತುದಿಗೆ. ಅವಳು ಆ ಹೆಬ್ಬೆರಳನ್ನು ನೋಡುತ್ತಾ ಕೈಯಲ್ಲಿದ್ದ ವಾಷರನ್ನು ಎಲ್ಲೋ ಇಟ್ಟಳು. ಅದು ಸಿಗಲು ಅರ್ಧ ಗಂಟೆ ಬೇಕಾಯಿತು.

ಅವನ ವಿಷಯ ಅವಳಿಗೆ ತಿಳಿದದ್ದೆಲ್ಲ ಅಕ್ಕನ ಕೃಪೆ. ಟೀ ತಂದಿಟ್ಟು, ಇಂಜೆಕ್ಷನ್ ಕೊಡುವ ಹಳೆಯ ಅಭ್ಯಾಸದಲ್ಲಿ ನೇರವಾಗಿ ಚುಚ್ಚಿ ಕೇಳಿದ್ದಳು. "ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ನೇ ಅಕ್ಕಾವ್ರೇ. ಹೆಂಡ್ತಿ ಹೋಗಿ ಒಂಬತ್ತು ವರ್ಷ ಆಯ್ತು."

"ಅಯ್ಯೋ ಪಾಪ," ಎಂದಳು ಅಕ್ಕ. ಮೇಲೆ ಬಂದ ಮೇಲೆ ಅವಳ ಧ್ವನಿಯಲ್ಲಿ ಪಾಪ ಇರಲಿಲ್ಲ. "ಆ ಮನುಷ್ಯ ಬರೋದು ಬೈಕಿಗೋ ನಿನಗೋ? ನೆಟ್ಟಗೆ ಕೇಳು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇಬ್ರೂ ಎಷ್ಟು ದಿನ ಮಾತಾಡ್ತೀರಿ?"

"ಸುಮ್ನಿರಕ್ಕ. ಅವರಿಗೆ ಯಂತ್ರ ಅಂದ್ರೆ ಪ್ರಾಣ."

ಹಾಗೆಂದಳೇನೋ ಸರಿ. ಆದರೆ ಪ್ರಶ್ನೆ ಅವಳೊಳಗೆ ಕೂತುಬಿಟ್ಟಿತು. ಎಲ್ಲವನ್ನೂ ಕೇಳುವ ಈ ಮನುಷ್ಯ ಅವಳ ಬಗ್ಗೆ ಮಾತ್ರ ಏನೂ ಕೇಳಿರಲಿಲ್ಲ. ಗಾಡಿ ಇಷ್ಟು ವರ್ಷ ಯಾಕೆ ನಿಂತಿತ್ತು ಎಂದು ಕೇಳಿದ್ದನೇ ಹೊರತು ನೀವು ಯಾಕೆ ನಿಂತುಬಿಟ್ಟಿರಿ ಎಂದಲ್ಲ. ಯಂತ್ರವೊಂದು ಸರಿಹೋದ ಮೇಲೆ ರಿಪೇರಿಯವನು ಅಲ್ಲಿ ನಿಲ್ಲುತ್ತಾನೆಯೇ? ಲಿಫ್ಟು ಓಡಿದರೆ ಅವನು ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ. ಅದು ಅವನ ಕಸುಬಿನ ಧರ್ಮ.

*

ಹತ್ತೊಂಬತ್ತನೇ ಭಾನುವಾರ ಇಂಜಿನ್ನು ಮಾತಾಡಿತು. ಟ್ಯಾಂಕಿನ ಬದಲು ಪೆಟ್ರೋಲಿನ ಸಣ್ಣ ಬಾಟಲು ನೇತುಹಾಕಿ, ನಾಲ್ಕೂ ಕಾರ್ಬ್ಯುರೇಟರಿಗೆ ಗಾಳಿಯ ಎಳೆತ ಅಳೆಯುವ ಗೇಜು ಸಿಕ್ಕಿಸಿ, ಅವನು ಮುಳ್ಳುಗಳನ್ನು ಓದಿದ, ಅವಳು ಸ್ಕ್ರೂ ತಿರುಗಿಸಿದಳು. "ಒಂಚೂರು... ಇನ್ನೊಂದು ಕೂದಲು... ಸಾಕು." ನಾಲ್ಕೂ ಮುಳ್ಳುಗಳು ಒಂದೇ ಮಟ್ಟಕ್ಕೆ ಬಂದು ನಿಂತಾಗ ಅವರಿಬ್ಬರ ತಲೆಗಳ ನಡುವೆ ಒಂದು ಗೇಣು ಜಾಗವಿತ್ತು. ಇಬ್ಬರೂ ಅಲ್ಲಾಡಲಿಲ್ಲ. ಅವನ ಅಂಗಿಯಿಂದ ಸೋಪು ಮತ್ತು ಗ್ರೀಸಿನ ವಾಸನೆ ಬರುತ್ತಿತ್ತು.

"ಮುಂದಿನ ವಾರ ರಸ್ತೆಗಿಳಿಸಿ, ಓಡಿಸಿ ನೋಡಿದ್ರೆ ಮುಗೀತು," ಎಂದ ಅವನು, ಗೇಜುಗಳನ್ನು ನೋಡುತ್ತಲೇ.

"ಹೌದಲ್ಲ," ಎಂದಳು. "ಮುಗೀತು."

ಹೊರಡುವ ಮುಂಚೆ ಇಬ್ಬರೂ ಸೇರಿ ಟ್ಯಾಂಕು, ಪ್ಲಾಸ್ಟಿಕ್ ಹೊದಿಕೆ ಎಲ್ಲ ಕೂರಿಸಿದರು. ಆ ವಾರವೆಲ್ಲ ಅವಳು ಕಟ್ಟಿದ ಹಲ್ಲುಗಳು ಅವಳಿಗೇ ನೆನಪಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬಿನಿಂದ ಬಂದವಳು ಮೇಲೆ ಹೋಗದೆ ಶಟರ್ ಎತ್ತಿದಳು. ಹೊರಗಿನಿಂದ ಸ್ಕ್ರೂ ಡ್ರೈವರು ತಲುಪುವುದು ಈಗ ಎಡತುದಿಯ ಕಾರ್ಬ್ಯುರೇಟರಿಗೆ ಮಾತ್ರ. ಪೆಟ್ರೋಲು-ಗಾಳಿಯ ಹದ ಕಾಯುವ ಪುಟ್ಟ ಸ್ಕ್ರೂ. ಅದನ್ನು ಎಡಕ್ಕೆ ತಿರುಗಿಸಿದಳು. ಒಂದು ಸುತ್ತು, ಲೆಕ್ಕವಾಗಿ ಒಂದೇ ಸುತ್ತು, ಆಮೇಲೆ ಸರಿಮಾಡಲು ಸುಲಭವಾಗಲಿ ಎಂದು. ಇಂಜಿನ್ನು ಕುಂಟುತ್ತದೆ, ಅವನು ಹುಬ್ಬು ಗಂಟಿಕ್ಕುತ್ತಾನೆ, ಇನ್ನೊಂದು ಭಾನುವಾರ ಸಿಗುತ್ತದೆ.

ಬೇಕೆಂದೇ ಕೆಲಸ ಕೆಡಿಸಿದ್ದು ಬದುಕಿನಲ್ಲಿ ಇದೇ ಮೊದಲು. ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಬೇರೇನೋ ಇತ್ತು. ಇಷ್ಟು ಬೇಕು ಎಂದು ತನಗೆ ಏನಾದರೂ ಅನಿಸಿ ಎಷ್ಟು ಕಾಲವಾಗಿತ್ತು ಎಂಬ ಬೆರಗು.

*

ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಅವಳು ಹೆಲ್ಮೆಟ್ ತರಲು ಮೇಲೆ ಹೋದಳು. ಅಕ್ಕ ಬಾಗಿಲಲ್ಲೇ ಹಿಡಿದಳು. "ಮುಖ ಯಾಕೆ ಹಾಗಿದೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನೋ ಹಾಗೆ?"

"ಏನಿಲ್ಲ ಬಿಡಕ್ಕ," ಎಂದು ತಪ್ಪಿಸಿಕೊಂಡು ಇಳಿದಳು. ಅವನು ಬೈಕಿನ ಪಕ್ಕ ಕೈಕಟ್ಟಿ ನಿಂತಿದ್ದ, ಫೋಟೋಗೆ ನಿಂತವರ ಹಾಗೆ.

ಸ್ಟಾರ್ಟ್ ಗುಂಡಿ ಒತ್ತಿದಳು.

ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಕೆಮ್ಮಿಲ್ಲ, ಕುಂಟಿಲ್ಲ. ರೇಷ್ಮೆ ಹರಿದ ಹಾಗೆ ನುಣ್ಣನೆಯ, ಒಂದೇ ಸಮನಾದ ಸದ್ದು. ಆಕ್ಸಿಲರೇಟರ್ ಕೊಟ್ಟಳು, ಏರಿತು. ಬಿಟ್ಟಳು, ತಣ್ಣಗೆ ಇಳಿಯಿತು. ಅವಳ ಎದೆಯೂ ಇಳಿಯಿತು. ಹೇಗೆ? ತಾನೇ ತನ್ನ ಕೈಯಾರೆ ತಿರುಗಿಸಿದ್ದಳಲ್ಲ?

ತಲೆ ಎತ್ತಿದರೆ ಅವನ ಮುಖದಲ್ಲೂ ಸಂತೋಷವಿರಲಿಲ್ಲ. ಬಗ್ಗಿ ಎಡಗಡೆಯ ಕಾರ್ಬ್ಯುರೇಟರನ್ನೇ ನೋಡುತ್ತಿದ್ದ, ಜೇಬಿನಲ್ಲಿಟ್ಟ ವಸ್ತು ಮಾಯವಾದವನಂತೆ.

"ಸರಿ ಇಲ್ಲ," ಎಂದ.

"ಏನು ಸರಿ ಇಲ್ಲ? ಚೆನ್ನಾಗಿ ಓಡ್ತಿದೆಯಲ್ಲ!"

"ಅದೇ ಮೇಡಂ. ಚೆನ್ನಾಗಿ ಓಡಬಾರದಿತ್ತು."

ಅವಳು ಇಂಜಿನ್ ಆಫ್ ಮಾಡಿದಳು.

"ಯಾಕೆ ಓಡಬಾರದಿತ್ತು?"

ಅವನು ಕಿವಿಯ ಪೆನ್ಸಿಲು ತೆಗೆದ, ಮತ್ತೆ ಸಿಕ್ಕಿಸಿದ. ಐವತ್ತರ ಗಂಡಸು ಕಿವಿಯ ತುದಿವರೆಗೆ ಕೆಂಪಾಗುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನೀವು ಹೆಲ್ಮೆಟ್ ತರೋಕೆ ಹೋದಾಗ ನಾನು... ಎಡಗಡೆ ಸ್ಕ್ರೂನ ಒಂದು ಸುತ್ತು ಬಲಕ್ಕೆ ತಿರುಗಿಸಿದೆ. ಲೆಕ್ಕವಾಗಿ ಒಂದೇ ಸುತ್ತು. ಕೆಟ್ಟ ಕೆಲಸ, ಗೊತ್ತು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಲಿಫ್ಟಿಗೂ ಹೀಗೆ ಮಾಡಿಲ್ಲ ಮೇಡಂ, ಮಾಡಿದ್ರೆ ಜನ ಸಾಯ್ತಾರೆ. ಇದರಲ್ಲಿ ಯಾರೂ ಸಾಯಲ್ಲ ಅಂತ... ಇನ್ನೊಂದು ವಾರ ಬರಬಹುದು ಅಂತ..."

ಬಂದ ನಗುವನ್ನು ತಡೆಯಲು ಹೋಗಿ, ಸೋತು, ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ಅಲ್ಲೇ ಟೂಲ್ ಬಾಕ್ಸಿನ ಮೇಲೆ ಕುಳಿತಳು. ನಗು ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರು.

"ನಗಬೇಡಿ ಮೇಡಂ."

"ಲಿಫ್ಟಿನವರೇ, ನಾನು ನಿನ್ನೆ ಅದನ್ನೇ ಎಡಕ್ಕೆ ತಿರುಗಿಸಿದ್ದೆ. ಒಂದು ಸುತ್ತು."

ಅವನು ಬೈಕನ್ನು ನೋಡಿದ, ಅವಳನ್ನು ನೋಡಿದ. ಲೆಕ್ಕ ಅವನ ಮುಖದ ಮೇಲೆಯೇ ನಡೆಯಿತು: ಎಡಕ್ಕೆ ಒಂದು, ಬಲಕ್ಕೆ ಒಂದು, ಉಳಿದದ್ದು ಸೊನ್ನೆ. ಆಮೇಲೆ ಮೊದಲ ದಿನದ ಹಾಗೆ ಅವಳೆದುರು ಮಂಡಿಯೂರಿ ಕುಳಿತ. ಇಸ್ತ್ರಿ ಅಂಗಿಯ ಗೊಡವೆಯೇ ಇಲ್ಲದೆ.

"ಯಾಕೆ?" ಎಂದ.

ಅದೇ ಧ್ವನಿ, ಅದೇ ಕುತೂಹಲ. ಆದರೆ ಈ ಸಲ ಬ್ರೇಕಿನ ಬಗ್ಗೆ ಅಲ್ಲ, ಫೋರ್ಕಿನ ಬಗ್ಗೆ ಅಲ್ಲ. ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಎದುರು ಬಂದು ಕುಳಿತಾಗ ಉತ್ತರ ಇಷ್ಟು ಸುಲಭವಾಗಿ ನಾಲಿಗೆಯ ತುದಿಯಲ್ಲೇ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ನೀವು ಬರೋದು ನಿಲ್ಲಬಾರದು ಅಂತ. ಬೈಕು ಕೆಟ್ಟರೂ ಪರವಾಗಿಲ್ಲ ಅನ್ನಿಸ್ತು. ನನಗೇ ಆಶ್ಚರ್ಯ."

ಅವನು ಅವಳ ಕೈಯಿಂದ ಹೆಲ್ಮೆಟ್ಟನ್ನು ಮೆಲ್ಲಗೆ ತೆಗೆದುಕೊಂಡ. ಖಾಲಿಯಾದ ಕೈಯನ್ನು ಹಿಡಿದ. ಉಗುರಿನ ಸಂದಿಯಲ್ಲಿ ಪ್ಲಾಸ್ಟರು, ಗ್ರೀಸು ಎರಡೂ ಇದ್ದ ಕೈ. ಅದನ್ನು ತಿರುಗಿಸಿ ನೋಡಿದ, ಅದರಲ್ಲಿ ಕೇಳಬೇಕಾದ್ದು ಇನ್ನೂ ಬಹಳ ಇದೆ ಎಂಬಂತೆ.

"ಒಂದು ರೌಂಡು ಹೋಗಿ ಬನ್ನಿ," ಎಂದ ಕೊನೆಗೆ. "ಮೊದಲ ಸವಾರಿ ನೀವೊಬ್ಬರೇ ಮಾಡಬೇಕು. ನಾನಿಲ್ಲೇ ಇರ್ತೀನಿ."

ಅವಳು ಹೋದಳು. ಬೀದಿ, ತಿರುವು, ಸೇತುವೆ, ಆಚೆಯ ಉದ್ದನೆಯ ನೇರ ರಸ್ತೆ. ಹೊಸ ಬ್ರೇಕು ಬೆರಳು ಒತ್ತಿದಷ್ಟೇ ಹಿಡಿಯಿತು. ಇಪ್ಪತ್ತೇಳರಲ್ಲಿ ಅವಳು ಓಡಿಸುತ್ತಿದ್ದುದು ಎಲ್ಲಿಂದಲೋ ತಪ್ಪಿಸಿಕೊಂಡು ಹೋಗುವವಳಂತೆ. ಈಗ ಎದುರುಗಾಳಿಯಲ್ಲಿ ಅವಳಿಗೆ ಹೊಸದೊಂದು ರುಚಿ ಹತ್ತಿತು. ವಾಪಸು ಹೋಗುವ ರುಚಿ.

ಬಂದಾಗ ಅವನೂ ಅಕ್ಕನೂ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದರು. ಅಕ್ಕ ಇವಳ ಮುಖ ನೋಡಿದಳು, ಅವನ ಮುಖ ನೋಡಿದಳು, "ನನ್ನ ಮಂಡಿಗೆ ಬಿಸಿನೀರಿಡಬೇಕು" ಎಂದು ಯಾರೂ ಕೇಳದಿದ್ದರೂ ಹೇಳಿ ಎದ್ದು ಹೋದಳು.

"ಹೇಗಿತ್ತು?" ಎಂದ ಅವನು.

"ಏನೂ ತೊಂದರೆ ಇಲ್ಲ. ಎಲ್ಲ ಸರಿಯಾಗಿದೆ." ಹೆಲ್ಮೆಟ್ ಬಿಚ್ಚಿ, ಕೆದರಿದ ಕೂದಲನ್ನು ಹಾಗೇ ಬಿಟ್ಟಳು. "ಮುಂದಿನ ಭಾನುವಾರ ಬರ್ತೀರಾ?"

"ಏನು ಕೆಲಸ ಇದೆ?"

"ಏನೂ ಇಲ್ಲ."

ಅವನು ಲೋಟ ಕೆಳಗಿಟ್ಟ.

"ಕೆಲಸ ಏನೂ ಇಲ್ಲ ಅಂದ್ರೆ ಬೆಳಿಗ್ಗೇನೇ ಬಂದುಬಿಡ್ತೀನಿ."