ಅಣ್ಣನಿಗಾಗಿ ಕಟ್ಟಿದ ತಂತಿ

ನಾನು ದೆವ್ವವನ್ನು ನಂಬುವವನಲ್ಲ. ಹವಾಮಾನ ವರದಿಯನ್ನೇ ನಂಬುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಣ್ಣನ ಹಡಗು ಬಿರುಗಾಳಿಗೆ ಸಿಕ್ಕ ಮೇಲೆ ಸುದ್ದಿಯೇ ಇರಲಿಲ್ಲ. ಹಡಗಿನವರು ಬಳಸುವ ಬ್ಯಾಂಡು ನನ್ನ ಹವ್ಯಾಸಿ ರೇಡಿಯೋಗೆ ಸಿಗಲೆಂದು, ತಾರಸಿಯ ಆಂಟೆನಾಕ್ಕೆ ಇನ್ನೊಂದು ಜೋಡಿ ತಂತಿ ಕಟ್ಟಿದೆ.

"ಇಷ್ಟೊಂದು ತಂತಿ ಇದೆ, ಒಂದು ಟವೆಲ್ ಒಣಗಿಸೋಕೆ ಬಿಡಲ್ವಲ್ಲೋ," ಅಂದಳು ಅಮ್ಮ. ನಗಿಸಲು ನೋಡಿದಳು.

ಮಟಮಟ ಮಧ್ಯಾಹ್ನದಲ್ಲೂ ಹೊಸ ತಂತಿ ಮಾತ್ರ ತಣ್ಣಗಿತ್ತು. ಗಾಳಿಯಿಲ್ಲದೆ ಗುಂಯ್‌ಗುಟ್ಟುತ್ತಿತ್ತು. ಬ್ಯಾಂಡಿಗೆ ಹೊಂದಿಸಲೆಂದು ತುದಿ ಕತ್ತರಿಸಿದಷ್ಟೂ ಅದು ಉದ್ದವಾಗುತ್ತಿದೆಯೆಂದು ಕೋಣೆಗಿಳಿದ ಆಂಟೆನಾ ಕೇಬಲ್ಲಿಗೆ ಸಿಕ್ಕಿಸಿದ್ದ, ಅಳತೆ ನೋಡುವ ಮೀಟರ್ ಹೇಳಿತು. ಮೀಟರಿಗೆ ತಲೆ ಕೆಟ್ಟಿದೆ ಅಂದುಕೊಂಡು ರೇಡಿಯೋ ಹಚ್ಚಿದೆ.

"ಅಮ್ಮಾ, ಕೇಳಿಸ್ತಿದ್ಯಾ?" ಅಣ್ಣನದೇ ದನಿ.

"ಎಲ್ಲಿದ್ದೀಯೋ ಮಗನೇ?" ಅಮ್ಮ ಓಡಿಬಂದು ಮೈಕು ಹಿಡಿದಳು.

"ಇಲ್ಲೇ ಅಮ್ಮ, ತುಂಬಾ ಹತ್ರ. ಸ್ವಲ್ಪ ಚಳಿ, ಅಷ್ಟೇ."

ದನಿ ಅಲ್ಲಿಗೇ ಕಡಿಯಿತು. ಅಮ್ಮ ಕಣ್ಣೊರೆಸಿಕೊಂಡು ಅವನ ಹಾಸಿಗೆ ಹಾಸಲು ಹೋದಳು.

ನಾನು ರೇಡಿಯೋದ ಹಿಂಬದಿ ತಿರುಗಿಸಿ ನೋಡಿದೆ. ಕೇಬಲ್ಲು ಇನ್ನೂ ಮೀಟರಿನಲ್ಲೇ ಇತ್ತು; ಅವಸರದಲ್ಲಿ ರೇಡಿಯೋಗೆ ಸಿಕ್ಕಿಸುವುದನ್ನೇ ಮರೆತಿದ್ದೆ. ಆಂಟೆನಾ ಸಿಕ್ಕಿಸಬೇಕಿದ್ದ ಖಾಲಿ ಸಾಕೆಟ್ಟು ಒದ್ದೆಯಾಗಿತ್ತು. ಬೆರಳಿಗಂಟಿದ ನೀರನ್ನು ನಾಲಿಗೆಗೆ ತಾಗಿಸಿದೆ. ಉಪ್ಪಾಗಿತ್ತು.